ಗೊರಕಿ ನಿಂತ ದಿನ

ನಮ್ಮ ಮಾವನವರು ಗೊರಕಿ ಹೊಡದ್ರ ಆಳಂದದ ಆ ದೊಡ್ಡ ಮನ್ಯಾಗ ಎಲ್ಲರೂ ತುದಿಗಾಲ ಮ್ಯಾಲ ನಡೀತಿದ್ರು. “ಯಜಮಾನ್ರು ಮಲಗ್ಯಾರ, ಸಪ್ಪಳ ಮಾಡಬ್ಯಾಡ್ರಿ” ಅಂತ ಅತ್ತಿಯವರು ತುಟಿ ಮ್ಯಾಲ ಬೆರಳಿಟ್ಟು ಆಳುಗಳಿಗೆ ಹೇಳ್ತಿದ್ರು. ಅದ ಮನ್ಯಾಗ ನಾನು ಗೊರಕಿ ಹೊಡದ್ರ ಅದು ಚ್ಯಾಷ್ಟಿ. ನನ್ನ ತವರು ಜೇವರ್ಗಿ. ಜೇವರ್ಗಿ ಮಂದಿ ಹೆಣ್ಣಮಕ್ಕಳಿಗೆ ಮಲಗೂದೂ ಕಲಿಸಿ ಕಳಸಂಗಿಲ್ಲ ಅಂತ ಅತ್ತಿಯವರು ಬಂದವರ ಮುಂದೆಲ್ಲ ಹೇಳಿ ನಗ್ತಿದ್ರು. ಬೆಳಿಗ್ಗೆ ಚಹಾ ಕೊಡಾಕ ಹೋದ್ರ ನನ್ನ ಮೈದುನ ಕೇಳ್ತಿದ್ದ, “ವೈನಿ, ರಾತ್ರಿ ಭೂಸನೂರ ಸಕ್ಕರಿ ಫ್ಯಾಕ್ಟರಿಗೆ ಕಬ್ಬಿನ ಟ್ರ್ಯಾಕ್ಟರ್ ಭಾಳ ಹೋದವಲ್ಲ? ನಿಮ್ಮ ಖೋಲಿ ಕಡೆಯಿಂದನ ಹೋದಂಗಿತ್ತು!” ಎಲ್ಲರೂ ಹೋ ಅಂತ ನಗ್ತಿದ್ರು. ನಮ್ಮ ಮನಿಯವರೂ ಬಸಿಯೊಳಗ ಮಾರಿ ಹಾಕಿ ನಗ್ತಿದ್ರು. ನಾನೂ ಹಲ್ಲು ಕಿಸಿತಿದ್ದೆ. ಒಳಗ ಮೈ ಉರೀತಿತ್ತು.

ಆ ಕಾಲಕ್ಕ, ತೊಂಬತ್ತರ ದಶಕ ಇನ್ನೇನು ಮುಗೀತಿತ್ತು, ಗೊರಕಿ ಅಂದ್ರ ಒಂದು ಬ್ಯಾನಿ ಅಂತ ನಮ್ಮ ಕಡೆ ಯಾರಿಗೂ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ರಾತ್ರಿಪೂರ್ತಿ ಮಲಗಿ ಎದ್ರೂ ತಲಿ ಕಲ್ಲು ಹೊತ್ತಂಗ ಇರ್ತಿತ್ತು. ರೊಟ್ಟಿ ಬಡಿಯುವಾಗ ಕಣ್ಣು ಎಳೀತಿದ್ದವು. ಹಂಚಿನ ಮ್ಯಾಲ ರೊಟ್ಟಿ ಸುಟ್ಟು ಹೊಗಿ ಏಳ್ತಿತ್ತು, ನಾನು ಹಿಟ್ಟಿನ ಕೊಣಿಗಿ ಮುಂದ ಕೂತಲ್ಲೇ ತೂಕಡಿಸ್ತಿದ್ದೆ. “ಏನ್ ಬೇ, ಇಷ್ಟು ನಿದ್ದಿ ಯಾವ ಜನ್ಮದ್ದು?” ಅಂತ ಅತ್ತಿಯವರು ಬೈತಿದ್ರು. ಹೊಟ್ಟಿಗೆ ಹೆಚ್ಚಾಗ್ಯದ, ಸೊಕ್ಕು ಬಂದದ, ಮೈಗಳ್ಳತನ. ಏನೇನು ಅನ್ನಿಸ್ಕೊಂಡೆನೋ ಶಿವನೇ ಬಲ್ಲ.

ಕೂಸು ಹುಟ್ಟಿ ಇನ್ನೂ ಕೂಡಾಕ ಬರತಿರಲಿಲ್ಲ, ಆಗ ಆಗಬಾರದ್ದು ಆತು. ಮಧ್ಯಾಹ್ನ ಪಡಸಾಲಿ ಗ್ವಾಡಿಗೆ ಆತು ಕೂತು ಮಗಳಿಗೆ ಹಾಲು ಕುಡಸಾಕತ್ತಿದ್ದೆ. ಯಾವಾಗ ಕಣ್ಣು ಮುಚ್ಚಿದ್ವೋ ಗೊತ್ತಿಲ್ಲ. ಕೊಡ ಬಿದ್ದ ಸಪ್ಪಳಕ್ಕ ಎಚ್ಚರಾದ್ರ ಅತ್ತಿಯವರು ನನ್ನ ಭುಜ ಹಿಡದು ಹಿಂದಕ್ಕ ನೂಕಾಕತ್ತಿದ್ರು. ನಾನು ಮುಂದಕ್ಕ ವಾಲಿ ಕೂಸಿನ ಮ್ಯಾಲ ಬಿದ್ದಿದ್ದೆ. ಕೂಸಿನ ಮಾರಿ ಕಪ್ಪಿಟ್ಟಿತ್ತು. ಅತ್ತಿಯವರು ಅದನ್ನ ಕಸಕೊಂಡು ಬೆನ್ನಿಗೆ ಬಡದ್ರು, ಮತ್ತ ಬಡದ್ರು, ಆಮ್ಯಾಲ ಅದು ಚೀರಿತು. ಆ ಚೀರಾಟ ನನ್ನ ಕಿವ್ಯಾಗ ಇನ್ನೂ ಅದ.

ಅವತ್ತಿನಿಂದ ರಾತ್ರಿ ಕೂಸು ಅತ್ತಿಯವರ ಹಾಸಿಗಿಗೆ ಹೋತು. ಹಾಲು ಕುಡಸೂದೂ ಅವರ ಕಣ್ಣ ಮುಂದ, ಅವರು ಹಂತ್ಯಾಕ ಕೂತಾಗ ಅಷ್ಟ. “ನಿನ್ನ ಗೊರಕಿ, ನಿನ್ನ ಈ ಹಾಳ ನಿದ್ದಿ ನಿಂತ ದಿನ ಕೂಸು ನಿನ್ನ ಮಗ್ಗಲಿಗೆ. ಅಲ್ಲೀತನ ನನ್ನ ಕಡೆ” ಅಂದ್ರು. ಇಲ್ಲೀತನ ನಾನು ಅವರ ಮ್ಯಾಲ ಸಿಟ್ಟು ಮಾಡಂಗಿಲ್ಲ. ನನ್ನ ಕೂಸಿನ ಜೀವ ಉಳಿಸಿದ್ದು ಅವರ ಕೈ. ನನ್ನ ಸಿಟ್ಟು ಅದರ ಮುಂದಿನದ್ದಕ್ಕ.

ನಮ್ಮ ಮನಿಯವರು ಒಳ್ಳೆಯವರು, ಆದ್ರ ಅವರ ಅವ್ವನ ಮುಂದ ಬಾಯಾಗ ಕಡಬು ಇಟ್ಕೊಂಡಂಗ ಕೂಡ್ತಿದ್ರು. ನಾನು ರಂಪ ಮಾಡಿ, ಎರಡು ಹೊತ್ತು ಉಣ್ಣದ ಕೂತಮ್ಯಾಲ ಸೊಲ್ಲಾಪುರಕ್ಕ ಕರಕೊಂಡು ಹೋದ್ರು. ಅಲ್ಲಿ ಒಬ್ಬ ಡಾಕ್ಟರು ಒಂದು ರಾತ್ರಿ ನನ್ನ ಮೈಗೆಲ್ಲ ವಾಯರು ಹಚ್ಚಿ ಮಲಗಿಸಿ ನೋಡಿದ್ರು. ಬೆಳಿಗ್ಗೆ ಹೇಳಿದ್ರು, “ಇವ್ರಿಗೆ ನಿದ್ದ್ಯಾಗ ಗಂಟಲು ಮುಚ್ಚಿ ಉಸುರು ನಿಂದರ್ತದ. ಉಸುರಿಲ್ಲದ ಮೈ ಗಾಬರಿಯಾಗಿ ಎಚ್ಚರಾಗ್ತದ. ರಾತ್ರಿಪೂರ್ತಿ ಇದ ನಡೀತದ. ಇವ್ರು ಮಲಗೇ ಇಲ್ಲ ಅಂತ ತಿಳಕೋರಿ.” ನಾನು ಅಲ್ಲೇ ಅತ್ತೆ. ಇಷ್ಟು ವರ್ಷಕ್ಕ ಒಬ್ಬರು, ನೀನು ಮೈಗಳ್ಳಿ ಅಲ್ಲ ಅಂತ ಅಂದಿದ್ರು.

ಔಷಧ ಇಲ್ಲ ಇದಕ್ಕ, ಮಷೀನ ಅದ ಅಂದ್ರು. ಮೂಗಿಗೆ ಒಂದು ಮಾಸ್ಕ ಕಟ್ಟಿಕೊಂಡು ಮಲಗಬೇಕು. ಮಷೀನ ಪೈಪಿನೊಳಗ ಗಾಳಿ ಊದ್ತದ, ಆ ಗಾಳಿ ಗಂಟಲು ಮುಚ್ಚಗೊಡಂಗಿಲ್ಲ. ಆದ್ರ ಮಾಸ್ಕ ಮಾರಿಗೆ ಸರಿಯಾಗಿ ಕೂಡಬೇಕು, ಬದಿಯಿಂದ ಗಾಳಿ ಸೋರಿದ್ರ ಮಷೀನ ಇದ್ದೂ ಇಲ್ಲದಂಗ. ಅದು ಮುಂಬೈಯಿಂದ ಬರಬೇಕಿತ್ತು. ಬರೂದ್ರಾಗ ದೀಪಾವಳಿ ಮುಗದು ಹೋತು. ಕೂಸು ಅಂಬೆಗಾಲು ಹಾಕಾಕತ್ತಿತ್ತು.

ಮಷೀನ ತಂದು ಕೊಟ್ಟಾವ ಸೊಲ್ಲಾಪುರದ ಒಬ್ಬ ಹುಡುಗ, ಅರ್ಧ ಮರಾಠಿ ಅರ್ಧ ಕನ್ನಡ. ಮನಿಗೇ ಬಂದು ಹಾಕಿ ತೋರಿಸ್ತೇನಿ ಅಂತ ಬಂದ. ಪಡಸಾಲ್ಯಾಗ ಮಾವನವರು ಕುರ್ಚಿ ಮ್ಯಾಲ, ಮೈದುನ ಕಟ್ಟಿ ಮ್ಯಾಲ, ನಮ್ಮ ಮನಿಯವರು ಕಂಬಕ್ಕ ಆತು ನಿಂತಿದ್ರು. ಓಣಿಯ ನಾಲ್ಕು ಮಂದಿ ಬಾಗಲದಾಗ ಹಣಕಿ ಹಾಕಿದ್ರು. ನಾನು ಸೆರಗ ತಲಿ ತುಂಬ ಹೊತ್ಕೊಂಡು ನಡುವ ಕೂತಿದ್ದೆ. ಹರಾಜಿಗೆ ಇಟ್ಟ ಎಮ್ಮಿ ನೋಡಿದಂಗ ಎಲ್ಲರೂ ನನ್ನ ಮಾರಿ ನೋಡಾಕತ್ತಿದ್ರು.

ಆ ಹುಡುಗ, “ತಾಯಿ, ಸ್ವಲ್ಪ ಮಲಗ್ರಿ, ಮಲಗಿದಾಗ ಇದು...” ಅಂತ ಶುರು ಮಾಡಿದ.

“ಏನಂದಿಯೋ ತಮ್ಮಾ?” ಅತ್ತಿಯವರು ಎದ್ದ ನಿಂತ್ರು. “ಮಾವನ ಮುಂದ ಸೊಸಿ ಅಂಗಾತ ಮಲಗೂದಾ? ನಿಮ್ಮ ಸೊಲ್ಲಾಪುರದಾಗ ನಡೀತಿರಬೇಕು!”

ಅವ ಪಾಪ, ಅಲ್ಲೇ ನಾಲಿಗಿ ಕಚ್ಚಿಕೊಂಡ. ಕುಂತಾಗನ ಹಾಕ್ರಿ ಅಂದ. ಹಾಕಬೇಕಾದವರು ಯಾರು? ಅವ ನನ್ನ ಮಾರಿ ಮುಟ್ಟಂಗಿಲ್ಲ. ನಮ್ಮ ಮನಿಯವರ ಕೈಗೆ ಮಾಸ್ಕ ಕೊಟ್ಟ. ಅವರು ಅದನ್ನ ಬಿಸಿ ತಪೇಲಿ ಹಿಡದಂಗ ಹಿಡದು ನಿಂತ್ರು. ಅಪ್ಪನ ಮುಂದ ಹೆಂಡ್ತಿ ಮಾರಿಗೆ ಕೈ ಹಚ್ಚೂದು ನಮ್ಮ ಮನ್ಯಾಗ ಯಾವ ಗಂಡಸೂ ಮಾಡಿದ್ದಿಲ್ಲ. ಕಡೀಕ ಅತ್ತಿಯವರೇ ಇಸಗೊಂಡು, ನನ್ನ ಹಿಂದ ಬಂದು, ಸೆರಗಿನ ಮ್ಯಾಲಿಂದನ ಪಟ್ಟಿ ಎಳದು, ತುರುಬಿಗೆ ಸಿಗಿಸಿ, ಕಬ್ಬಿನ ಸೋಗಿ ಹೊರಿ ಬಿಗದಂಗ ಬಿಗದ್ರು. ಹುಡುಗ ಮಷೀನ ಚಾಲೂ ಮಾಡಿ, ನನ್ನ ಮಾರಿ ಸುತ್ತ ದೂರಿಂದನ ಅಂಗೈ ಹಿಡದು ನೋಡಿದ. ಎಲ್ಲೂ ಗಾಳಿ ಬರಲಿಲ್ಲ. “ಏಕದಮ್ ಬರೋಬರ್ ಅದ” ಅಂದ. ಚಹಾ ಕುಡದು, ಬಸ್ಸಿಗೆ ಹೊತ್ತಾತು ಅಂತ ಹೋದ.

ಮಲಗುವಾಗ ನಾನು ಸೆರಗ ತಗದೆ. ಯಾರು ಸೆರಗ ಹೊತ್ಕೊಂಡು ಮಲಗ್ತಾರ್ರಿ? ಅಂದಾಜಿಗೆ ಪಟ್ಟಿ ಕಟ್ಟಿಕೊಂಡು ಅಡ್ಡಾದ್ರ ತುರುಬು ಒತ್ತಿ ಪಟ್ಟಿ ಮ್ಯಾಲ ಸರದವು. ಮಾಸ್ಕ ಒಂದು ಕಡೆ ಎದ್ದು ಗಾಳಿ ಸುಂಯ್ ಅಂತ ಸೀದಾ ಕಣ್ಣಿಗೆ ಹೊಡೀತು. ಬಿಗದೆ. ಆ ಕಡೆ ನಿಂತ್ರ ಈ ಕಡೆ ಸೋರಿತು. ಮತ್ತ ಬಿಗದೆ. ಬೆಳಿಗ್ಗೆ ಕಣ್ಣು ಕೆಂಡದಂಗ ಕೆಂಪಾಗಿದ್ದವು, ಮೂಗಿನ ದಿಂಡಿನ ಮ್ಯಾಲ ಚರ್ಮ ಸುಲದಿತ್ತು. ಅತ್ತಿಯವರು ಖೋಲಿ ಹೊರಗ ಕಸ ಹೊಡಕೊಂತ ತೀರ್ಪು ಕೊಟ್ರು, “ಹೊಡದಿ. ಮೊದಲಿಗಿಂತ ಜೋರ.” ಕೂಸು ಅವರ ಬಗಲಾಗ ಇತ್ತು. ಅಲ್ಲೇ ಉಳೀತು.

ಆ ಮ್ಯಾಲ ದಿನಾ ಇದ ಪುರಾಣ. ಮೂಗಿನ ಗಾಯಕ್ಕ ಅತ್ತಿಯವರು ಕೊಬ್ಬರಿ ಎಣ್ಣಿ ಹಚ್ಚಿದ್ರು, ಎಣ್ಣಿಗೆ ಮಾಸ್ಕ ಮತ್ತಿಷ್ಟು ಜಾರಿತು. ಮೈದುನ ಎಸ್‌ಟಿಡಿ ಬೂತಿನಿಂದ ಸೊಲ್ಲಾಪುರಕ್ಕ ಫೋನ್ ಹಚ್ಚಿದ. ಆ ಹುಡುಗ ಅಲ್ಲಿಂದ ಕೇಳಿದ್ನಂತ, ಮೂಗಿನ ಹತ್ರ ಏನರ ಅಡ್ಡ ಬರ್ತದೇನು? ಈ ಶಾಣ್ಯಾ ಹೇಳ್ದ, ಮೂಗುತಿ ಅದ. ಹಂಗಾದ್ರ ಅದನ್ನ ತಗೀರಿ ಅಂದನಂತ.

ಅಯ್ಯಯ್ಯ, ಅವತ್ತು ಮನಿ ಮಾಳಗಿ ಹಾರಿ ಹೋಗೂದೊಂದ ಬಾಕಿ! “ನನ್ನ ಮಗ ಗಟ್ಟಿಮುಟ್ಟ ಕಣ್ಣ ಮುಂದ ಅದಾನ. ಮೂಗುತಿ ತಗಿ ಅಂತಾನ? ಅವನ ನಾಲಿಗಿಗೆ ಹುಳ ಬೀಳ್ಲಿ!” ಅತ್ತಿಯವರು ಎದಿ ಬಡಕೊಂಡ್ರು. ಮಾವನವರು ಕುರ್ಚಿಯಿಂದನ, “ಮೂಗುತಿ ಮುಟ್ಟಬ್ಯಾಡ್ರಿ” ಅಂತ ಹುಕುಂ ಕೊಟ್ರು. ಅಫಜಲಪುರದಿಂದ ಅತ್ತಿಯವರ ಅಕ್ಕ ಬಂದು ಎರಡು ದಿನ ಕೂತು, ಮೂಗುತಿ ತಗದ ಮನಿಗಳಾಗ ಏನೇನು ಆತು ಅಂತ ಕಥಿ ಹೇಳಿ ಹೋದ್ರು. ನನಗೂ ಆ ಮೂಗುತಿ ಮ್ಯಾಲ ಜೀವ ಇತ್ತು, ಸುಳ್ಳ್ಯಾಕ ಹೇಳ್ಲಿ, ನನ್ನ ಅವ್ವ ಕೊಟ್ಟದ್ದು. ಆದ್ರ ಕೂಸಿನ ಮುಂದ ಮೂಗುತಿ ಯಾವ ಲೆಕ್ಕ? “ತಗೀತೇನ್ರಿ, ಹಗಲಿಗೆ ಹಾಕ್ಕೋತೇನ್ರಿ” ಅಂದೆ. “ತಗದಿ ಅಂದ್ರ ಕೂಸು ನಿನ್ನ ಖೋಲಿ ಹೊಸ್ತಿಲ ದಾಟಂಗಿಲ್ಲ” ಅಂದ್ರು ಅತ್ತಿಯವರು. ಗೊರಕಿ ನಿಂತ್ರ ಕೂಸು ಕೊಡ್ತಾರ. ಗೊರಕಿ ನಿಂದರಬೇಕಂದ್ರ ಮೂಗುತಿ ತಗೀಬೇಕಂತ. ಮೂಗುತಿ ತಗದ್ರ ಕೂಸು ಕೊಡಂಗಿಲ್ಲ. ನಾನು ಗ್ವಾಡಿಗೆ ತಲಿ ಚಚ್ಚಿಕೊಳ್ಳೂದೊಂದ ಉಳದಿತ್ತು.

ಆ ಜಗಳದ ನಡುವನ ಒಂದಿನ ಕೂಸು ಮೊದಲನೇ ಮಾತು ಆಡಿತು. ಅತ್ತಿಯವರ ಸೆರಗ ಹಿಡದು ಎದ್ದು ನಿಂತು “ಅವ್ವಾ” ಅಂತು. ನಮ್ಮ ಮನಿಯವರು, ಮೈದುನ ಅತ್ತಿಯವರಿಗೆ ಅವ್ವ ಅಂತಾರಲ್ಲ, ಅದನ್ನ ಕೇಳಿ ಕಲತಿತ್ತು. ಮನಿ ಮಂದಿಯೆಲ್ಲ ಚಪ್ಪಾಳಿ ಹೊಡದ್ರು. ಅತ್ತಿಯವರು ಕೂಸಿನ ಗಲ್ಲಕ್ಕ ಲೊಚಲೊಚ ಮುದ್ದು ಕೊಟ್ರು. ನಾನು ಅಡಿಗಿ ಮನ್ಯಾಗ ಹೋಗಿ ಹಿಟ್ಟಿನ ಪರಾತದ ಮುಂದ ಕೂತು, ಆ ಹಿಟ್ಟನ್ನ ಎಷ್ಟು ಸಿಟ್ಟಿನಿಂದ ನಾದಿದೆ ಅಂದ್ರ ಅದರ ರೊಟ್ಟಿ ಅವತ್ತು ಭಾಳ ಚೆಂದ ಆದವು ಅಂತ ಎಲ್ಲರೂ ಹೊಗಳಿದ್ರು.

ಮೂಗುತಿ ಜಗಳ ಮುಗೀತು, ಅದು ಮೂಗಿನಾಗನ ಉಳೀತು. ಆಮ್ಯಾಲ ಮಾಸ್ಕ ಸಣ್ಣದಾಗ್ಯದ ಅಂದ್ರು. ದೊಡ್ಡದು ತರಿಸಿದ್ರು. ಅದು ಗಲ್ಲದ ಎಲುಬಿನ ಮ್ಯಾಲ ಕೂತು ನಾಲ್ಕೂ ಕಡೆ ಸೋರಿತು. ಆಮ್ಯಾಲ ನಮ್ಮ ಮನಿಯವರು ಒಂದು ಬುದ್ಧಿವಂತಿಕಿ ಮಾಡಿದ್ರು. ಮೊದಲಿನ ಸಣ್ಣ ಮಾಸ್ಕನ್ನ ಮತ್ತ ತಗದ್ರು. ಅದರ ಮುಂದಿನ ಕಡೆ ಸಣ್ಣ ಸಣ್ಣ ತೂತು ಇರ್ತಾವ. “ಇಲ್ಲೇ ನೋಡು ಸೋರಾಕತ್ತದ!” ಅಂತ ಖುಷಿಯಾಗಿ, ಗಾಯಕ್ಕ ಹಚ್ಚೋ ಅಂಟು ಪಟ್ಟಿ ತಂದು ಆ ತೂತೆಲ್ಲ ಬಂದ ಮಾಡಿದ್ರು. ಅವು ನಾವು ಬಿಟ್ಟ ಉಸುರು ಹೊರಗ ಹೋಗಾಕ ಮಾಡಿದ ತೂತು. ಕಣ್ಣು ಹತ್ತಿ ಸ್ವಲ್ಪ ಹೊತ್ತಿಗೆ ಎದಿ ಮ್ಯಾಲ ಬೀಸೋಕಲ್ಲು ಇಟ್ಟಂಗಾಗಿ ಎದ್ದು, ಮಾಸ್ಕ ಕಿತ್ತು ಒಗದೆ. ಅವತ್ತು ನನ್ನ ಗಂಡಗ ನಾನು ಬಾಯಿಗೆ ಬಂದಂಗ ಬೈದೆ. ಅವರ ಅಪ್ಪ, ಅವರ ಅವ್ವ, ಕುರ್ಚಿ, ಕಂಬ ಯಾವುದನ್ನೂ ಬಿಡಲಿಲ್ಲ. ಅವರು ಬೆಳಿಗ್ಗೆ ಎದ್ದು ಆ ಅಂಟು ಪಟ್ಟಿ ಒಂದೊಂದಾಗಿ ಉಗುರಿನಿಂದ ಕಿತ್ತು, ತೂತು ಒರಸಿ, ಸಣ್ಣ ಮಾಸ್ಕನ್ನ ಮತ್ತ ಪೈಪಿಗೆ ಹಚ್ಚಿ ಇಟ್ಟು ಹೊಲಕ್ಕ ಹೋದ್ರು.

ಯುಗಾದಿ ಇನ್ನೂ ಮುಂದಿತ್ತು. ತೊಗರಿ ರಾಶಿ ಅಂತ ಗಂಡಸರೆಲ್ಲ ನಿಂಬರ್ಗಾ ಕಡೆಯ ಹೊಲಕ್ಕ ಹೋಗಿದ್ರು. ಮನ್ಯಾಗ ನಾನು, ಅತ್ತಿಯವರು, ಕೂಸು ಅಷ್ಟ. ಮಧ್ಯಾಹ್ನ ಊಟ ಆದಮ್ಯಾಲ ಅತ್ತಿಯವರು ಕೂಸು ತಟ್ಟಿಕೊಂತ ಹೇಳಿದ್ರು, “ಆ ಮಷೀನ ವಾಪಸ್ ಕೊಟ್ಟು ಬಿಡೂಣು. ನಿನ್ನ ಮಾರಿಗೆ ಅದು ಆಗಿಬರಂಗಿಲ್ಲ. ಕೂಸು ಹೆಂಗೂ ನನಗ ಹೊಂದ್ಯದ.”

ಹೊಂದ್ಯದ! ಆ ಒಂದು ಮಾತಿಗೆ ಪಿತ್ತ ನೆತ್ತಿಗೇರಿತು. ನಾನು ಎದ್ದು ಖೋಲಿಗೆ ಹೋಗಿ ಧಡಾರಂತ ಬಾಗಲಾ ಹಾಕ್ಕೊಂಡೆ. ನನ್ನ ಮಾರಿಗೆ ಆಗಿಬರಂಗಿಲ್ಲಂತ. ನನ್ನ ಮಾರಿಗೆ ಏನಾಗ್ಯದ? ಸೆರಗ ಕಿತ್ತು ಒಗದೆ. ತುರುಬು ಬಿಚ್ಚಿ ಕೂದಲಾ ಜಡಿ ಹೆಣದು ಭುಜದ ಮುಂದ ಹಾಕ್ಕೊಂಡೆ. ಮಾರಿಗೆ ಸಾಬಾಣ ಹಚ್ಚಿ ಎಣ್ಣಿಯೆಲ್ಲ ಹೋಗೂತನ ತಿಕ್ಕಿದೆ. ಸಣ್ಣ ಮಾಸ್ಕಿನ ರಬ್ಬರಿಗೂ ಅದ ಸಾಬಾಣ. ಕೌದಿ ಹಾಸಿ ಅಂಗಾತ ಮಲಗಿ, ಮೊದಲು ಮಷೀನ ಚಾಲೂ ಮಾಡಿ, ಗಾಳಿ ಬರುವಾಗನ ಮಾಸ್ಕ ಮೂಗಿಗೆ ಹಿಡದೆ. ಬಿಗಿಯೋ ಬುದ್ಧಿ ಬಿಟ್ಟೆ. ಪಟ್ಟಿ ಸಡ್ಲು ಮಾಡಿದೆ, ಇನ್ನಷ್ಟು ಸಡ್ಲು ಮಾಡಿದೆ. ಆ ರಬ್ಬರು ಗಾಳಿ ತುಂಬಿಕೊಂಡು ತಾನ ಉಬ್ಬಿ, ತಾನ ಬಂದು ಗಲ್ಲಕ್ಕ ಮೆತ್ತಗ ಕೂತಿತು. ಕಣ್ಣಿಗೆ ಗಾಳಿ ಇಲ್ಲ. ಮಗ್ಗಲಾದೆ. ಇಲ್ಲ. ಈ ಮಗ್ಗಲಾದೆ. ಅಲ್ಲೂ ಇಲ್ಲ. ಬೆರಳು ಹಾಕಿ ಮೂಗುತಿ ಎಲ್ಲಿ ಅದ ನೋಡಿದೆ. ಅದು ಮಾಸ್ಕಿನ ಒಳಗ, ನಡುವ, ಯಾವ ಅಂಚಿಗೂ ತಾಗದ ಆರಾಮ ಕೂತಿತ್ತು! ಅಫಜಲಪುರದಿಂದ ಮಂದಿ ಬಂದು ಪಂಚಾಯತಿ ಮಾಡಿದ ಮೂಗುತಿ, ಅದಕ್ಕೂ ಇದಕ್ಕೂ ಸಂಬಂಧನ ಇರಲಿಲ್ಲ.

ಒಂದು ಸೆರಗು. ಮಾವನವರ ಮುಂದ ಹೊತ್ತ ಒಂದು ಸೆರಗಿನ ಮ್ಯಾಲ, ಕುಂತ ತಲಿಗೆ ಪಟ್ಟಿ ಅಳತಿ ಮಾಡಿದ್ರು. ಮಲಗೋ ತಲಿ ಬ್ಯಾರೆ, ಬರೇ ತಲಿ. ಆ ಹುಡುಗ ಹೇಳಾಕ ಬಂದಿದ್ದ, ಅವನ ಬಾಯಿ ಮುಚ್ಚಿಸಿದ್ರು. ಇಷ್ಟಕ್ಕ ನನ್ನ ಕೂಸು ಇಷ್ಟು ತಿಂಗಳು ನನ್ನ ಮಗ್ಗಲ ಬಿಟ್ಟು ಮಲಗಿತ್ತು.

“ಅತ್ತಿ, ಬರ್ರಿ ಇಲ್ಲಿ!” ಅಂತ ಒದರಿದೆ. ಹಂಗ ಒದರಿದ್ದು ಅದ ಮೊದಲು. ಅವರು ಬಂದು ಬಾಗಲಾ ನೂಕಿ, ನನ್ನ ಬರೇ ತಲಿ ನೋಡಿ ನಿಂತ್ರು. “ಕೈ ಹಿಡದು ನೋಡ್ರಿ, ಎಲ್ಲಿ ಸೋರ್ತದ ತೋರಿಸ್ರಿ” ಅಂದೆ. ಅವರು ಕೂಸಿನ್ನ ಕೆಳಗ ಬಿಟ್ಟು, ಮೊಣಕಾಲೂರಿ ಕೂತು, ನನ್ನ ಮಾರಿ ಸುತ್ತ ಅಂಗೈ ಆಡಿಸಿದ್ರು. ಗಲ್ಲ, ಹಣಿ, ಕಣ್ಣಿನ ಬದಿ. ತೋರಸಾಕ ಏನೂ ಇರಲಿಲ್ಲ. ಅವರ ಮಾರಿ ನೋಡಿಕೊಂತನ ನನ್ನ ಕಣ್ಣು ಮುಚ್ಚಿದ್ವು.

ಎದ್ದಾಗ ಬಿಸಲು ಇಳದಿತ್ತು. ಏನು ಹೇಳ್ಲಿ ಆ ಎಚ್ಚರದ್ದು! ತಲಿ ಹಗುರ, ಬಾಯಿ ಒಣಗಿಲ್ಲ, ಕಣ್ಣು ತಣ್ಣಗ. ಅತ್ತಿಯವರು ಅಲ್ಲೇ ಗ್ವಾಡಿಗೆ ಆತು ಕೂತಿದ್ರು, ತೊಡಿ ಮ್ಯಾಲ ಕೂಸು ಮಲಗಿತ್ತು.

“ಹೊಡಿಲಿಲ್ಲ” ಅಂದ್ರು. ಆಮ್ಯಾಲ ನನ್ನ ಕಡೆ ನೋಡದ ಹೇಳಿದ್ರು, “ನನ್ನ ಅವ್ವನೂ ಹಿಂಗ ಗೊರಕಿ ಹೊಡಿತಿದ್ಲು. ರೊಟ್ಟಿ ಬಡಕೊಂತನ ತೂಕಡಿಸ್ತಿದ್ಲು. ನಾವೂ ನಗ್ತಿದ್ವಿ. ಒಂದಿನ ಮಲಗಿದಾಕಿ ಏಳಲಿಲ್ಲ.”

ಅವರ ಮ್ಯಾಲ ಕನಿಕರ ಬರಬೇಕಿತ್ತು. ಬರಲಿಲ್ಲ. ಸಿಟ್ಟ ಬಂತು. “ಇದು ಗೊತ್ತಿದ್ದೂ ನಗ್ತಿದ್ರ್ಯಾ ಅತ್ತಿ?” ಅಂತ ಕೇಳಿದೆ. ಅವರು ಕೂಸಿನ ನೆತ್ತಿ ಸವರಿಕೊಂತ ಕೂತ್ರು.

ಆದ್ರ ಮಾತಿಗೆ ತಪ್ಪಲಿಲ್ಲ. ಅವತ್ತ ಸಂಜಿಗೆ, ದೀಪ ಹಚ್ಚಿದಮ್ಯಾಲ, ಕೂಸಿನ ಸಣ್ಣ ಕೌದಿ, ದಿಂಬು ತಾವೇ ತಂದು ನನ್ನ ಹಾಸಿಗಿ ಮಗ್ಗಲಿಗೆ ಹಾಸಿದ್ರು. ಕೂಸಿನ್ನ ಮಲಗಿಸಿ, ಬಾಗಲಾ ಎಳಕೊಂಡು ಹೊರಗ ಹೋದ್ರು. ಅವರು ಅಲ್ಲೇ ಬಾಗಲದ ಆ ಕಡೆ ನಿಂತಿದ್ದು ಬಳಿ ಸಪ್ಪಳಕ್ಕ ಗೊತ್ತಾಗ್ತಿತ್ತು.

ನಾನು ಮಗಳ ಕಡೆ ಹೊಳ್ಳಿದೆ. ಇಷ್ಟು ತಿಂಗಳು ಈ ಹೊತ್ತಿಗಾಗಿ ಹಲ್ಲು ಕಚ್ಚಿ ಇದ್ದಾಕಿ. ಕೈ ಚಾಚಿ ಹಂತ್ಯಾಕ ಎಳಕೊಂಡೆ. ಅದು ನನ್ನ ಎದಿಗೆ ಎರಡೂ ಕೈ ಊರಿ ಹಿಂದಕ್ಕ ಸರೀತು. ಎದ್ದು ಕೂತು ಬಾಗಲದ ಕಡೆ ನೋಡಿತು, “ಅವ್ವಾ” ಅಂತ ಕರೀತು. “ನಾನ ಅವ್ವ, ನನ್ನ ಬಂಗಾರ” ಅಂದೆ. ಅದು ನನ್ನ ಮಾರಿ ಚೆಂದಗ ನೋಡಿತು. ಮನ್ಯಾಗ ಎಲ್ಲರೂ ನನ್ನ ಏನಂತ ಕರೀತಾರ, ಮೈದುನ ಕರೀತಾನ, ಆಳು ಕರೀತಾರ, ಓಣಿ ಹುಡುಗರು ಕರೀತಾರ, ಅದನ್ನ ಅಂತು.

“ವೈನಿ.” ಆಮ್ಯಾಲ ಬಾಗಲಕ್ಕ ಬೆರಳು ಮಾಡಿ, “ಅವ್ವಾ.”

ಬಾಗಲದ ಆ ಕಡೆ ಬಳಿ ಸಪ್ಪಳ ನಿಂತಿತು. ನಾನು ಕರೀಲಿಲ್ಲ, ಅವರೂ ಬರಲಿಲ್ಲ. ಕೂಸು ಅತ್ತು ಅತ್ತು, ಕಡೀಕ ನನಗ ಬೆನ್ನು ಮಾಡಿ ಮಲಗಿತು. ನಾನು ಜಡಿ ಮುಂದ ಹಾಕ್ಕೊಂಡು, ಪಟ್ಟಿ ಸಡ್ಲು ಮಾಡಿ, ಮಾಸ್ಕ ಹಾಕ್ಕೊಂಡೆ. ಸುಡಗಾಡ ಮಾಸ್ಕ, ಅವತ್ತು ಒಂಚೂರೂ ಸೋರಲಿಲ್ಲ.